ಬೈನರಿ ಪ್ಯಾಕೇಜ್ ಮ್ಯಾನೇಜರ್

ಮೊದಲೇ ಕಂಪೈಲ್ ಮಾಡಿ ಕಟ್ಟಿಟ್ಟ ತಂತ್ರಾಂಶವನ್ನು ಕಂಪ್ಯೂಟರಿಗೆ ತಂದು ಸ್ಥಾಪಿಸುವ, ಅದಕ್ಕೆ ಬೇಕಾದ ಇತರ ತಂತ್ರಾಂಶಗಳನ್ನು ಒದಗಿಸುವ, ಹೊಸ ಆವೃತ್ತಿ ಬಂದಾಗ ಬದಲಿಸುವ ಮತ್ತು ಬೇಡವಾದಾಗ ಪೂರ್ತಿಯಾಗಿ ತೆಗೆದುಹಾಕುವ ವ್ಯವಸ್ಥೆ. ಲಿನಕ್ಸ್, ಬಿಎಸ್‌ಡಿ ಮುಂತಾದ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು ಒಂದೇ ಕಂಪನಿ ಬರೆದ ಕೃತಿಗಳಲ್ಲ. ಬೇರೆ ಬೇರೆ ದೇಶಗಳ ಜನ ಬೇರೆ ಬೇರೆ ಕಾಲದಲ್ಲಿ ಬರೆದ ಸಾವಿರಾರು ಯೋಜನೆಗಳ ಕೂಡಿಕೆ. ಆ ಬಿಡಿ ಯೋಜನೆಗಳು ಒಂದು ವ್ಯವಸ್ಥೆಯಾಗಿ ಬಳಕೆದಾರರ ಕೈ ಸೇರುವುದು ಪ್ಯಾಕೇಜ್ ಮ್ಯಾನೇಜರಿನ ಮೂಲಕ. ಭಾರತದಲ್ಲಿ ಈ ಕೆಲಸ ನಡೆದಿರುವ ನೆಲೆಗಳಲ್ಲಿ ಪುಣೆ ಮುಖ್ಯವಾದುದು. ಮುಕ್ತ ವ್ಯವಸ್ಥೆಗಳಿಗೆ ಕನ್ನಡ ಲಿಪಿ ಬಂದ ಕಥೆಯೂ ಆ ನಗರದೊಂದಿಗೆ ಬೆಸೆದುಕೊಂಡಿದೆ.

ಹಿನ್ನೆಲೆ

1990ರ ದಶಕದ ಆರಂಭದಲ್ಲಿ ಲಿನಕ್ಸ್ ಬಳಸುವವರು ಸೋರ್ಸ್ ಕೋಡನ್ನು ತಂದು ತಾವೇ ಕಂಪೈಲ್ ಮಾಡಿಕೊಳ್ಳಬೇಕಾಗಿತ್ತು. ಯಾವ ಕಡತ ಎಲ್ಲಿ ಹೋಗಿ ಕೂತಿತು ಎಂಬ ದಾಖಲೆ ಇರುತ್ತಿರಲಿಲ್ಲ. ಒಂದು ತಂತ್ರಾಂಶವನ್ನು ತೆಗೆಯಬೇಕೆಂದರೆ ನೆನಪಿನ ಮೇಲೆ ಹುಡುಕಿ ಅಳಿಸಬೇಕು. ಇನ್ನೊಂದು ತಂತ್ರಾಂಶಕ್ಕೆ ಬೇಕಾದ ಕಡತವನ್ನೇ ಅಳಿಸಿಬಿಡುವ ಅಪಾಯವೂ ಇತ್ತು. 1993ರಲ್ಲಿ ಬಂದ ಸ್ಲ್ಯಾಕ್‌ವೇರ್ ಸಿದ್ಧ ಬೈನರಿಗಳ ಕಟ್ಟುಗಳನ್ನು ಹಂಚಿತು. ಆದರೆ ಒಂದು ಕಟ್ಟಿಗೆ ಇನ್ನೊಂದು ಬೇಕು ಎಂಬುದನ್ನು ಅದು ಲೆಕ್ಕವಿಡುತ್ತಿರಲಿಲ್ಲ.

ಅದೇ ವರ್ಷ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯಲ್ಲಿ ಡಿಪಿಕೆಜಿ ರೂಪುಗೊಂಡಿತು. ಅದರ ಮುಖ್ಯ ಭಾಗವನ್ನು ಇಯಾನ್ ಜಾಕ್ಸನ್ 1994ರಲ್ಲಿ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. 1995ರಲ್ಲಿ ರೆಡ್ ಹ್ಯಾಟ್ ಕಂಪನಿಯ ಎರಿಕ್ ಟ್ರೋನ್ ಮತ್ತು ಮಾರ್ಕ್ ಯುವಿಂಗ್ ಆರ್‌ಪಿಎಂ ರೂಪಿಸಿದರು. ಇವೆರಡೂ ಪ್ಯಾಕೇಜಿನ ಅವಲಂಬನೆಗಳನ್ನು ದಾಖಲಿಸಿ, ಬೇಕಾದುದು ಇಲ್ಲದಿದ್ದರೆ ಸ್ಥಾಪನೆಯನ್ನು ತಡೆಯುತ್ತಿದ್ದವು. ಆದರೆ ಇಲ್ಲದುದನ್ನು ಹುಡುಕಿ ತರುವ ಹೊಣೆ ಬಳಕೆದಾರನ ಮೇಲೇ ಇತ್ತು. ಒಂದನ್ನು ತಂದರೆ ಅದಕ್ಕೆ ಇನ್ನೆರಡು ಬೇಕು, ಆ ಎರಡಕ್ಕೆ ಮತ್ತೆ ನಾಲ್ಕು. ಈ ಕಷ್ಟವನ್ನು ನೀಗಿಸಿದ್ದು ಎರಡನೆಯ ಪದರ. ಡೆಬಿಯನ್‌ನಲ್ಲಿ ಆಪ್ಟ್ 1999ರ 2.1ನೇ ಆವೃತ್ತಿಯಿಂದ ಬಳಕೆಗೆ ಬಂತು. ಆರ್‌ಪಿಎಂ ಜಗತ್ತಿಗೆ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಯಮ್ ಬಂತು. ಆರ್ಚ್ ಲಿನಕ್ಸಿನ ಪ್ಯಾಕ್‌ಮ್ಯಾನ್ 2002ರಲ್ಲಿ ಬಂದಾಗ ಎರಡು ಪದರಗಳ ಕೆಲಸವನ್ನೂ ಒಂದೇ ಉಪಕರಣದಲ್ಲಿ ಕೂಡಿಸಿತ್ತು. ಯಮ್‌ನ ಜಾಗಕ್ಕೆ ಬಂದ ಡಿಎನ್‌ಎಫ್ ರೆಡ್ ಹ್ಯಾಟ್ ಬೆಂಬಲದ ಫೆಡೋರಾ ಎಂಬ ಲಿನಕ್ಸ್ ಡಿಸ್ಟ್ರಿಬ್ಯೂಷನ್ನಿನಲ್ಲಿ 2015ರ 22ನೇ ಆವೃತ್ತಿಯಿಂದ ಮುಖ್ಯ ಉಪಕರಣವಾಯಿತು.

ಪ್ಯಾಕೇಜಿನ ಒಳರಚನೆ

ಹೊಸ ಪ್ಯಾಕೇಜ್ ಮ್ಯಾನೇಜರ್ ವಿನ್ಯಾಸಗೊಳಿಸುವವರು ಮೊದಲು ತೀರ್ಮಾನಿಸಬೇಕಾದುದು ಪ್ಯಾಕೇಜಿನ ಆಕಾರ. ಅದರಲ್ಲಿ ಎರಡು ಭಾಗ ಇರಲೇಬೇಕು: ಕಂಪ್ಯೂಟರಿನಲ್ಲಿ ಇಡಬೇಕಾದ ಕಡತಗಳು ಮತ್ತು ಆ ಕಡತಗಳ ಬಗೆಗಿನ ವಿವರ. ಡೆಬಿಯನ್ ಪ್ಯಾಕೇಜಿನಲ್ಲಿ ಇವು ಎರಡು ಪ್ರತ್ಯೇಕ ಕಟ್ಟುಗಳಾಗಿ ಒಂದೇ ಹೊರಕವಚದಲ್ಲಿರುತ್ತವೆ. ಆರ್‌ಪಿಎಂನಲ್ಲಿ ವಿವರಗಳ ಶಿರೋಭಾಗ ಮೊದಲು ಬಂದು, ಅದರ ಹಿಂದೆ ಕುಗ್ಗಿಸಿದ ಕಡತಗಳು ಇರುತ್ತವೆ. ವಿವರ ಪ್ರತ್ಯೇಕವಾಗಿದ್ದರೆ ನೂರಾರು ಮೆಗಾಬೈಟ್ ಇಳಿಸಿಕೊಳ್ಳುವ ಮೊದಲೇ ಪ್ಯಾಕೇಜಿಗೆ ಏನು ಬೇಕೆಂದು ತಿಳಿಯಬಹುದು. ಪ್ಯಾಕೇಜುಗಳನ್ನು ಹಂಚುವ ಸರ್ವರಿನ ಭಂಡಾರದಲ್ಲಿರುವ ಎಲ್ಲ ಪ್ಯಾಕೇಜುಗಳ ವಿವರವನ್ನು ಒಟ್ಟುಮಾಡಿ ಸೂಚಿಯಾಗಿ ಪ್ರಕಟಿಸಲೂಬಹುದು. ಕುಗ್ಗಿಸುವ ವಿಧಾನವೂ ಮುಖ್ಯ. ಫೆಡೋರಾ 31ರಲ್ಲಿ, ಅಂದರೆ 2019ರಲ್ಲಿ, ಪ್ಯಾಕೇಜುಗಳು ಎಕ್ಸ್‌ಜಡ್ ಬಿಟ್ಟು ಜಡ್‌ಸ್ಟ್ಯಾಂಡರ್ಡ್ ವಿಧಾನಕ್ಕೆ ಬಂದದ್ದು ಬಿಡಿಸುವ ವೇಗಕ್ಕಾಗಿ.

ಆವೃತ್ತಿ ಸಂಖ್ಯೆಗಳ ಹೋಲಿಕೆ ಸುಲಭವೆಂದು ತೋರುತ್ತದೆ, ಆದರೆ ಅಲ್ಲ. 1.10 ಎಂಬುದು 1.9ಕ್ಕಿಂತ ಹೊಸದು, ಸಾಮಾನ್ಯ ದಶಮಾಂಶದ ಲೆಕ್ಕದಲ್ಲಿ ಅದು ಚಿಕ್ಕದು. ಪರೀಕ್ಷಾರ್ಥ ಆವೃತ್ತಿ ಅಂತಿಮ ಆವೃತ್ತಿಗಿಂತ ಮೊದಲು ಬರಬೇಕು. ಮೂಲ ಲೇಖಕರು ಸಂಖ್ಯಾಕ್ರಮವನ್ನೇ ಬದಲಿಸಿಬಿಟ್ಟರೆ ಹಳೆಯದೇ ಹೊಸದಾಗಿ ಕಾಣುತ್ತದೆ. ಅದಕ್ಕಾಗಿಯೇ ಡೆಬಿಯನ್ ಮತ್ತು ಆರ್‌ಪಿಎಂ ಎರಡರಲ್ಲೂ ಆವೃತ್ತಿಯ ಮುಂದೆ 'ಇಪಾಕ್' ಎಂಬ ಹೆಚ್ಚುವರಿ ಅಂಕಿ ಇದೆ. ಒಮ್ಮೆ ಏರಿಸಿದ ಮೇಲೆ ಅದನ್ನು ಇಳಿಸುವಂತಿಲ್ಲ. ವಿನ್ಯಾಸದ ಆರಂಭದಲ್ಲಿ ಮಾಡಿದ ಇಂಥ ತೀರ್ಮಾನಗಳನ್ನು ದಶಕಗಳ ಕಾಲ ಹೊತ್ತು ನಡೆಯಬೇಕಾಗುತ್ತದೆ.

ಪ್ಯಾಕೇಜಿನೊಳಗೆ ಸ್ಕ್ರಿಪ್ಟ್ ಇರಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಕನ್ನಡ ಫಾಂಟಿನ ಪ್ಯಾಕೇಜನ್ನೇ ತೆಗೆದುಕೊಳ್ಳಬಹುದು. ಫಾಂಟ್ ಕಡತವನ್ನು ಸರಿಯಾದ ಜಾಗದಲ್ಲಿಟ್ಟರೆ ಸಾಲದು. ವ್ಯವಸ್ಥೆಯ ಫಾಂಟ್ ಸೂಚಿಯನ್ನೂ ಪರಿಷ್ಕರಿಸಬೇಕು. ಹಿಂದೆ ಪ್ರತಿಯೊಂದು ಫಾಂಟ್ ಪ್ಯಾಕೇಜೂ ಆ ಕೆಲಸಕ್ಕೆ ತನ್ನದೇ ಸ್ಕ್ರಿಪ್ಟ್ ಹೊತ್ತು ತರುತ್ತಿತ್ತು. ಹತ್ತು ಫಾಂಟ್ ಹಾಕಿದರೆ ಅದೇ ಕೆಲಸ ಹತ್ತು ಸಲ ನಡೆಯುತ್ತಿತ್ತು. ಅಂಥ ಸ್ಕ್ರಿಪ್ಟ್ ಓಡುವುದು ಆಡಳಿತಾಧಿಕಾರಿಯ ಪೂರ್ಣ ಹಕ್ಕಿನಿಂದ. ಅದರಲ್ಲೊಂದು ತಪ್ಪಿದ್ದರೆ ಇಡೀ ಯಂತ್ರಕ್ಕೇ ಕುತ್ತು. ಡಿಪಿಕೆಜಿಗೆ 2008ರಲ್ಲಿ ಬಂದ ಟ್ರಿಗರ್‌ಗಳು ಮತ್ತು 2016ರ ಆರ್‌ಪಿಎಂ 4.13ರಲ್ಲಿ ಬಂದ ಕಡತ ಟ್ರಿಗರ್‌ಗಳು ಈ ಹೊರೆಯನ್ನು ಇಳಿಸಿದವು. ಫಾಂಟ್ ಕಡತ ಬಂದಿದೆ ಎಂದು ಮ್ಯಾನೇಜರ್ ತಾನೇ ಗುರುತಿಸುತ್ತದೆ. ಸೂಚಿಯ ಪರಿಷ್ಕರಣೆ ಕೊನೆಯಲ್ಲಿ ಒಮ್ಮೆ ಮಾತ್ರ ನಡೆಯುತ್ತದೆ. ಹೊಸ ವಿನ್ಯಾಸಗಳೆಲ್ಲ ಸ್ಕ್ರಿಪ್ಟ್‌ಗಳನ್ನು ಆದಷ್ಟು ಕಡಿಮೆ ಮಾಡುವ ದಿಕ್ಕಿನಲ್ಲಿವೆ.

ಅವಲಂಬನೆಗಳ ಲೆಕ್ಕ

ಒಂದು ಪ್ಯಾಕೇಜ್ ಇನ್ನೊಂದನ್ನು ಬೇಡಬಹುದು, ಮತ್ತೊಂದರೊಂದಿಗೆ ಕೂಡಿ ಇರಲಾರೆ ಎನ್ನಬಹುದು, ಅಥವಾ ಇದಿಲ್ಲದಿದ್ದರೆ ಅದಾದರೂ ಆದೀತು ಎನ್ನಬಹುದು. ಈ ಮೂರನ್ನೂ ಕೂಡಿಸಿದರೆ ಸಮಸ್ಯೆ ತರ್ಕಶಾಸ್ತ್ರದ್ದಾಗುತ್ತದೆ. ಇದು ಗಣಕ ವಿಜ್ಞಾನದ ಅತಿ ಕಠಿಣ ಸಮಸ್ಯೆಗಳ ವರ್ಗಕ್ಕೆ, ಅಂದರೆ ಎನ್‌ಪಿ-ಕಂಪ್ಲೀಟ್ ವರ್ಗಕ್ಕೆ ಸೇರಿದೆ ಎಂದು ಯುರೋಪಿನ ಎಡೋಸ್ ಯೋಜನೆಯ ಸಂಶೋಧಕರು 2006ರ ಸುಮಾರಿಗೆ ತೋರಿಸಿದರು. ಪ್ಯಾಕೇಜುಗಳು ಹೆಚ್ಚಿದಂತೆ ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಪರೀಕ್ಷಿಸುವುದು ಯಾವ ಯಂತ್ರಕ್ಕೂ ಆಗದ ಮಾತು.

ಹಳೆಯ ಉಪಕರಣಗಳು ಅಂದಾಜಿನ ಮೇಲೆ ಮುಂದುವರಿಯುತ್ತಿದ್ದವು. ಉತ್ತರ ಇದ್ದರೂ ಕೆಲವೊಮ್ಮೆ ಸಿಗದೆ ನಿಂತುಬಿಡುತ್ತಿದ್ದವು. 2008ರ ಓಪನ್‌ಸೂಸೆ 11.0ರಲ್ಲಿ ಬಂದ ಬಿಡಿಸುವಿಕೆಯ ಎಂಜಿನ್ ಬೇರೆ ದಾರಿ ಹಿಡಿಯಿತು. ಅದು ಅವಲಂಬನೆಗಳನ್ನು ತರ್ಕದ ವಾಕ್ಯಗಳಾಗಿ ಪರಿವರ್ತಿಸಿ, ಅಂಥ ವಾಕ್ಯಗಳನ್ನು ಬಿಡಿಸಲೆಂದೇ ರೂಪಿಸಿದ ಸ್ಯಾಟ್ ವಿಧಾನಕ್ಕೆ ಒಪ್ಪಿಸಿತು. ಅದೇ ಮುಂದೆ ಲಿಬ್‌ಸಾಲ್ವ್ ಎಂಬ ಗ್ರಂಥಾಲಯವಾಯಿತು. ಫೆಡೋರಾದ ಡಿಎನ್‌ಎಫ್ ಕೂಡ ಅದನ್ನೇ ಬಳಸುತ್ತದೆ. ಉತ್ತರ ಸಿಗುವುದರಷ್ಟೇ ಅದು ಮನುಷ್ಯರಿಗೆ ಅರ್ಥವಾಗುವುದೂ ಮುಖ್ಯ. 'ಈ ಪ್ಯಾಕೇಜ್ ಹಾಕಲಾಗದು, ಏಕೆಂದರೆ ಇದು ಕೇಳುವ ಆವೃತ್ತಿಯನ್ನು ಇನ್ನೊಂದು ಒಪ್ಪುವುದಿಲ್ಲ' ಎಂದು ಕಾರಣ ಹೇಳಬಲ್ಲ ಮ್ಯಾನೇಜರ್ ಬಳಕೆದಾರನನ್ನು ದಾರಿಯಲ್ಲಿ ಕೈಬಿಡುವುದಿಲ್ಲ.

ದಾಖಲೆ ಮತ್ತು ಅಖಂಡತೆ

ಯಂತ್ರದಲ್ಲಿ ಏನಿದೆ ಎಂಬ ದಾಖಲೆ ಮತ್ತು ಡಿಸ್ಕಿನಲ್ಲಿ ನಿಜವಾಗಿ ಇರುವುದು ಸದಾ ಒಂದಕ್ಕೊಂದು ಹೊಂದಬೇಕು. ಇದನ್ನು ಕಾಯ್ದುಕೊಳ್ಳುವುದೇ ಪ್ಯಾಕೇಜ್ ಮ್ಯಾನೇಜರಿನ ಮೊದಲ ಧರ್ಮ. ಸ್ಥಾಪನೆ ಅರ್ಧದಲ್ಲಿದ್ದಾಗ ಕರೆಂಟ್ ಹೋದರೆ ಹೊಂದಿಕೆ ಮುರಿಯುತ್ತದೆ. ಡಿಪಿಕೆಜಿ ತನ್ನ ದಾಖಲೆಗಳನ್ನು ಸರಳ ಪಠ್ಯ ಕಡತಗಳಲ್ಲಿಟ್ಟು, ಪ್ರತಿ ಪ್ಯಾಕೇಜ್ ಯಾವ ಹಂತದಲ್ಲಿದೆ ಎಂದು ಬರೆದುಕೊಳ್ಳುತ್ತದೆ. ಕೆಟ್ಟರೆ ಸಾಮಾನ್ಯ ಸಂಪಾದಕದಲ್ಲಿ ತೆರೆದು ಸರಿಪಡಿಸಬಹುದು. ಆರ್‌ಪಿಎಂ ಬಹುಕಾಲ ಬರ್ಕ್ಲಿ ಡಿಬಿಯನ್ನು ನಂಬಿಕೊಂಡಿತ್ತು. 2020ರ ಫೆಡೋರಾ 33ರಲ್ಲಿ ಎಸ್‌ಕ್ಯೂಲೈಟಿಗೆ ಬದಲಾಯಿತು.

ಬಳಕೆದಾರ ತಿದ್ದಿದ ಸಂಯೋಜನಾ ಕಡತಗಳ ಪ್ರಶ್ನೆ ಇನ್ನೂ ಸೂಕ್ಷ್ಮ. ಹೊಸ ಆವೃತ್ತಿ ಆ ಕಡತವನ್ನು ಅಳಿಸಿ ಬರೆದರೆ ಅವರ ದುಡಿಮೆ ಹೋಯಿತು. ಹಾಗೇ ಬಿಟ್ಟರೆ ಹೊಸ ತಂತ್ರಾಂಶ ಕೆಲಸ ಮಾಡದೆ ಹೋಗಬಹುದು. ಡಿಪಿಕೆಜಿ ಬಳಕೆದಾರನನ್ನೇ ಕೇಳುತ್ತದೆ. ಆರ್‌ಪಿಎಂ ಸಾಮಾನ್ಯವಾಗಿ ಹಳೆಯದನ್ನು ಉಳಿಸಿ, ಹೊಸದನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲಿಡುತ್ತದೆ. ಎರಡೂ ದಾರಿಗಳು ಯಂತ್ರದ ಒಡೆತನ ಬಳಕೆದಾರನದು ಎಂಬ ತತ್ವವನ್ನು ಗೌರವಿಸುತ್ತವೆ.

ನಂಬಿಕೆ

ಸಿದ್ಧ ಬೈನರಿಯನ್ನು ಓದಿ ತಿಳಿಯಲಾಗದು. ಆದ್ದರಿಂದ ಅದನ್ನು ಯಾರು ಕಟ್ಟಿದರು ಎಂಬುದಕ್ಕೆ ಸಾಕ್ಷಿ ಬೇಕು. ಆರ್‌ಪಿಎಂ ಜಗತ್ತಿನಲ್ಲಿ ಪ್ರತಿ ಪ್ಯಾಕೇಜಿಗೂ ಡಿಜಿಟಲ್ ಸಹಿ ಇರುತ್ತದೆ. ಡೆಬಿಯನ್‌ನಲ್ಲಿ ಸಹಿ ಇರುವುದು ಭಂಡಾರದ ಮುಖ್ಯ ಸೂಚಿಗೆ. ಅಲ್ಲಿಂದ ಹ್ಯಾಶ್‌ಗಳ ಸರಪಳಿ ಪ್ರತಿ ಪ್ಯಾಕೇಜನ್ನು ಮುಟ್ಟುತ್ತದೆ. ಸಹಿ ಸರಿಯಿದ್ದರೂ ಮೋಸ ಸಾಧ್ಯವೆಂದು 2008ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಅವರು ಕಾಲ್ಪನಿಕ ಕಂಪನಿಯೊಂದರ ಹೆಸರಿನಲ್ಲಿ ಸರ್ವರ್ ಬಾಡಿಗೆಗೆ ಪಡೆದು, ಹಲವು ಡಿಸ್ಟ್ರಿಬ್ಯೂಷನ್‌ಗಳ ಅಧಿಕೃತ ಮಿರರ್ ಸರ್ವರುಗಳ, ಅಂದರೆ ಭಂಡಾರದ ಪ್ರತಿಯನ್ನು ಹಂಚುವ ಸರ್ವರುಗಳ, ಪಟ್ಟಿಗೆ ಸೇರಿಕೊಂಡರು. ಅಂಥ ಸ್ಥಾನದಲ್ಲಿರುವವರು ದೋಷವಿರುವ ಹಳೆಯ ಪ್ಯಾಕೇಜುಗಳನ್ನೇ, ಅವುಗಳ ನಿಜವಾದ ಸಹಿಯೊಂದಿಗೆ, ಹಂಚುತ್ತ ಕೂರಬಹುದು. ಆದ್ದರಿಂದ ಸೂಚಿಗೆ ಸಹಿಯ ಜೊತೆಗೆ ಅವಧಿ ಮುಗಿಯುವ ದಿನಾಂಕವೂ ಬೇಕು.

2024ರ ಮಾರ್ಚ್ ತಿಂಗಳಲ್ಲಿ ಎಕ್ಸ್‌ಜಡ್ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಪ್ತ ಬಾಗಿಲು ಇರುವುದನ್ನು ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್ ಕಂಡುಹಿಡಿದರು. ಡೆಬಿಯನ್, ಫೆಡೋರಾ ಮತ್ತು ಓಪನ್‌ಸೂಸೆಯ ಪರೀಕ್ಷಾ ಶಾಖೆಗಳಿಗೆ ಅದು ಆಗಲೇ ತಲುಪಿತ್ತು. ಸ್ಥಿರ ಶಾಖೆಗಳು ಉಳಿದವು. ವಿಷ ಸೇರಿದ್ದು ಮೂಲದಲ್ಲಿಯೇ ಆದ್ದರಿಂದ ಪ್ಯಾಕೇಜಿನ ಸಹಿಗಳೆಲ್ಲ ಸರಿಯಾಗಿಯೇ ಇದ್ದವು. ಒಂದೇ ಸೋರ್ಸ್ ಕೋಡಿನಿಂದ ಯಾರು ಎಲ್ಲಿ ಕಟ್ಟಿದರೂ ಬಿಟ್ ಬಿಟ್ಟೂ ಒಂದೇ ಆದ ಬೈನರಿ ಬರಬೇಕೆಂಬ ಪುನರುತ್ಪಾದ್ಯ ನಿರ್ಮಾಣದ ಚಳವಳಿ ಬೆಳೆಯುತ್ತಿರುವುದು, ಬೈನರಿಯ ಮೇಲಿನ ನಂಬಿಕೆಗೆ ಸ್ವತಂತ್ರ ಪರೀಕ್ಷೆಯ ಆಧಾರವೂ ಇರಲಿ ಎಂಬ ಕಾರಣಕ್ಕೆ.

ಹೊಸದಾಗಿ ಕಟ್ಟಿದವರು

ಹಳೆಯದನ್ನು ತಿದ್ದುವುದು ಸಾಕೆನಿಸದೆ ಹೊಸದಾಗಿಯೇ ಕಟ್ಟಿದ ಪ್ರಯತ್ನಗಳಲ್ಲಿ ಫ್ರೀಬಿಎಸ್‌ಡಿಯ ಅನುಭವ ಹೆಚ್ಚು ಪಾಠ ಕಲಿಸುತ್ತದೆ. ಅಲ್ಲಿನ ಹಳೆಯ ಉಪಕರಣಗಳು ಕಾರ್ಯಾಚರಣ ವ್ಯವಸ್ಥೆಯ ಒಳಗೇ ಇದ್ದವು. ಅವುಗಳಲ್ಲಿ ಸುಧಾರಣೆ ಆಗಬೇಕಾದರೆ ಇಡೀ ವ್ಯವಸ್ಥೆಯ ಮುಂದಿನ ಆವೃತ್ತಿಗೆ ಕಾಯಬೇಕು. ಬಾಪ್ಟಿಸ್ಟ್ ದಾರುಸ್ಸಾಂ ಮತ್ತು ಸಂಗಡಿಗರು ರೂಪಿಸಿದ ಹೊಸ ಪಿಕೆಜಿ 2012ರಲ್ಲಿ 1.0ನೇ ಆವೃತ್ತಿ ಕಂಡು, 2014ರ ಫ್ರೀಬಿಎಸ್‌ಡಿ 10.0ರಿಂದ ಅಧಿಕೃತವಾಯಿತು. ಮೂಲ ವ್ಯವಸ್ಥೆಯಲ್ಲಿ ಇಟ್ಟದ್ದು ಒಂದು ಪುಟ್ಟ ಆರಂಭಿಕ ಉಪಕರಣ ಮಾತ್ರ. ಅದು ನಿಜವಾದ ಪಿಕೆಜಿಯನ್ನು ಭಂಡಾರದಿಂದ ತರುತ್ತದೆ. ಹೀಗೆ ಮ್ಯಾನೇಜರ್ ಕೂಡ ಒಂದು ಪ್ಯಾಕೇಜೇ ಆಗಿ ತನ್ನ ವೇಗದಲ್ಲಿ ಬೆಳೆಯಿತು. ದಾಖಲೆಗೆ ಎಸ್‌ಕ್ಯೂಲೈಟ್ ಬಳಸಿದ್ದು, ಮುಖ್ಯ ಕೆಲಸವನ್ನೆಲ್ಲ ಇತರರೂ ಬಳಸಬಲ್ಲ ಗ್ರಂಥಾಲಯವಾಗಿ ಬೇರ್ಪಡಿಸಿದ್ದು ಅದರ ಇನ್ನೆರಡು ಗುಣಗಳು.

ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಸೋಲಾರಿಸ್‌ನ ಸೋರ್ಸ್ ಕೋಡನ್ನು ಓಪನ್‌ಸೋಲಾರಿಸ್ ಹೆಸರಿನಲ್ಲಿ ತೆರೆದಿಟ್ಟಾಗ ಅದರ ಮೊದಲ ಲೈವ್ ಸಿ.ಡಿ.ಗಳಲ್ಲೊಂದು ಬಂದದ್ದು ಬೆಂಗಳೂರಿನಿಂದ. ಸನ್‌ನ ಭಾರತ ಎಂಜಿನಿಯರಿಂಗ್ ಕೇಂದ್ರದಲ್ಲಿ ರೂಪುಗೊಂಡ ಅದರ ಹೆಸರು ಬೆಲೆನಿಕ್ಸ್. ಕೆಲ್ಟಿಕ್ ಸೂರ್ಯದೇವತೆ ಬೆಲೆನಸ್‌ನಿಂದ ಆ ಹೆಸರು ಬಂದಿದೆ. ಸೋಲಾರಿಸ್‌ನ ಹಳೆಯ ಪ್ಯಾಕೇಜ್ ಪದ್ಧತಿ ನೆಟ್‌ವರ್ಕ್ ಮೂಲಕ ಹಂಚಲು ಹೊಂದುವಂತಿರಲಿಲ್ಲ. ಅದಕ್ಕೆ ಸನ್ ಕೊಟ್ಟ ಉತ್ತರ ಐಪಿಎಸ್ ಎಂಬ ಹೊಸ ಪ್ಯಾಕೇಜ್ ವ್ಯವಸ್ಥೆ. ಅದು 2008ರ ಮೇ ತಿಂಗಳ ಓಪನ್‌ಸೋಲಾರಿಸ್ ಬಿಡುಗಡೆಯಲ್ಲಿ ಬಂತು. ಅದರಲ್ಲಿ ಪ್ಯಾಕೇಜ್ ಎಂದರೆ ಒಂದು ಕಟ್ಟಲ್ಲ, ಏನೇನು ಎಲ್ಲೆಲ್ಲಿ ಇರಬೇಕೆಂಬ ಪಟ್ಟಿ. ಬದಲಾದ ಕಡತಗಳನ್ನು ಮಾತ್ರ ಇಳಿಸಿಕೊಂಡರೆ ಸಾಕು. ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್‌ಗಳನ್ನು ಪೂರ್ತಿ ಕೈಬಿಡಲಾಯಿತು. ದೊಡ್ಡ ನವೀಕರಣ ನಡೆಯುವುದು ಚಾಲ್ತಿ ವ್ಯವಸ್ಥೆಯ ಜಡ್‌ಎಫ್‌ಎಸ್ ಪ್ರತಿಯೊಂದರಲ್ಲಿ. ಹೊಸದು ಸರಿಬರದಿದ್ದರೆ ಹಳೆಯ ಪ್ರತಿಯಿಂದಲೇ ಯಂತ್ರವನ್ನು ಮತ್ತೆ ಆರಂಭಿಸಬಹುದು.

ಇವೆಲ್ಲಕ್ಕಿಂತ ಬೇರೆಯಾದುದು ಎಲ್ಕೊ ಡೋಲ್‌ಸ್ಟ್ರಾ 2003ರಲ್ಲಿ ಆರಂಭಿಸಿದ ನಿಕ್ಸ್. ಅಲ್ಲಿ ಪ್ರತಿ ಪ್ಯಾಕೇಜಿಗೂ ಅದನ್ನು ಕಟ್ಟಿದ ಸಾಮಗ್ರಿಗಳಿಂದ ಲೆಕ್ಕಹಾಕಿದ ಹ್ಯಾಶ್ ಇರುವ ಪ್ರತ್ಯೇಕ ಕೋಶವಿರುತ್ತದೆ. ಒಂದೇ ತಂತ್ರಾಂಶದ ಎರಡು ಆವೃತ್ತಿಗಳು ಜಗಳವಿಲ್ಲದೆ ಜೊತೆಗಿರಬಹುದು. ಗ್ನೂ ಯೋಜನೆಯ ಗಿಕ್ಸ್ ಇದೇ ದಾರಿಯಲ್ಲಿ ನಡೆದಿದೆ. ಇದಕ್ಕೆ ತೆರುವ ಬೆಲೆ ಹೆಚ್ಚಿನ ಡಿಸ್ಕ್ ಜಾಗ ಮತ್ತು ಹೊಸಬರಿಗೆ ಕಲಿಯಲು ಹಿಡಿಯುವ ಕಾಲ.

ಪುಣೆ ಮತ್ತು ಕನ್ನಡದ ಕಟ್ಟುಗಳು

ಪುಣೆಯಲ್ಲಿ ಭಾರತೀಯ ಭಾಷೆಗಳ ಗಣಕ ಕೆಲಸಕ್ಕೆ ಹಳೆಯ ಬೇರುಗಳಿವೆ. 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯ ಕೇಂದ್ರ ಕಚೇರಿ ಅಲ್ಲಿದೆ. ಭಾರತೀಯ ಲಿಪಿಗಳ ಜಿಸ್ಟ್ ತಂತ್ರಜ್ಞಾನವನ್ನು ಅದು ಬೆಳೆಸಿತು. ಕನ್ನಡದ ಪುಸ್ತಕ ಮತ್ತು ಪತ್ರಿಕಾ ಮುದ್ರಣದಲ್ಲಿ ಬಹಳ ಬಳಕೆಯಾದ ಶ್ರೀಲಿಪಿ ತಂತ್ರಾಂಶವನ್ನು ತಯಾರಿಸಿದ ಮಾಡ್ಯುಲರ್ ಇನ್ಫೋಟೆಕ್ ಕೂಡ ಪುಣೆಯ ಕಂಪನಿಯೇ. ಅದೇ ಕಂಪನಿ ಒದಗಿಸಿದ ಅಕ್ಷರವಿನ್ಯಾಸಗಳನ್ನು ರೆಡ್ ಹ್ಯಾಟ್ 2004ರಲ್ಲಿ ಲೋಹಿತ್ ಹೆಸರಿನ ಮುಕ್ತ ಫಾಂಟ್‌ಗಳಾಗಿ ಹೊರತಂದಿತು. ಲೋಹಿತ ಎಂದರೆ ಕೆಂಪು. ಕಂಪನಿಯ ಹೆಸರಿಗೆ ಹೊಂದುವ ಪದ. ಲೋಹಿತ್ ಕನ್ನಡ ಆ ಕುಟುಂಬದ ಒಂದು ಫಾಂಟ್. ಮೊದಲು ಜಿಪಿಎಲ್ ಅಡಿಯಲ್ಲಿದ್ದ ಇವು 2011ರಲ್ಲಿ ಮುಕ್ತ ಫಾಂಟ್ ಪರವಾನಗಿಗೆ ಬದಲಾದವು. ರೆಡ್ ಹ್ಯಾಟ್‌ನ ಪುಣೆ ಕಚೇರಿಯ ಎಂಜಿನಿಯರುಗಳು ಅವುಗಳನ್ನು ತಿದ್ದುತ್ತ, ಪ್ಯಾಕೇಜುಗಳಾಗಿ ಕಟ್ಟುತ್ತ ಬಂದರು.

ಫೆಡೋರಾ ಬಳಕೆದಾರರ ಮತ್ತು ಅಭಿವೃದ್ಧಿಕಾರರ ಸಮ್ಮೇಳನ ಪುಣೆಯಲ್ಲಿ ಎರಡು ಸಲ ನಡೆದಿದೆ: 2011ರ ನವೆಂಬರ್ 4ರಿಂದ 6ರವರೆಗೆ ಕಾಲೇಜ್ ಆಫ್ ಎಂಜಿನಿಯರಿಂಗ್‌ನಲ್ಲಿ, 2015ರ ಜೂನ್ 26ರಿಂದ 28ರವರೆಗೆ ಎಂಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ.

ಪ್ಯಾಕೇಜ್ ವಿನ್ಯಾಸಕ್ಕೆ ಪುಣೆಯ ಮುಖ್ಯ ಕಾಣಿಕೆ ಭಾಷಾ ಪ್ಯಾಕೇಜುಗಳದ್ದು. ಕನ್ನಡದಲ್ಲಿ ಕೆಲಸ ಮಾಡಬೇಕೆನ್ನುವವರಿಗೆ ಫಾಂಟ್, ಕೀಲಿಮಣೆ ವಿನ್ಯಾಸ, ಕಾಗುಣಿತ ಪರೀಕ್ಷೆ, ಪ್ರತಿ ತಂತ್ರಾಂಶದ ಅನುವಾದ ಎಲ್ಲವೂ ಬೇಕು. ಅವು ಹತ್ತಾರು ಪ್ಯಾಕೇಜುಗಳಲ್ಲಿ ಹಂಚಿಹೋಗಿವೆ. ಎಲ್ಲ ಭಾಷೆಗಳ ಎಲ್ಲ ಕಟ್ಟುಗಳನ್ನೂ ಎಲ್ಲರ ಯಂತ್ರಕ್ಕೆ ತುಂಬುವುದು ವ್ಯರ್ಥ. ಬೇಕಾದವರೇ ಒಂದೊಂದನ್ನು ಹುಡುಕಿಕೊಳ್ಳಲಿ ಎಂದರೆ ಹೆಚ್ಚಿನವರಿಗೆ ಅದು ದಕ್ಕುವುದೇ ಇಲ್ಲ. ಇದಕ್ಕೆ ಮೊದಲು ಯಮ್ ಮತ್ತು ಡಿಎನ್‌ಎಫ್‌ಗಳಿಗೆ ಪ್ರತ್ಯೇಕ ಸೇರ್ಪಡೆಗಳನ್ನು ಬರೆಯಲಾಯಿತು. ಆಮೇಲೆ, 2016ರ ಜೂನ್‌ನಲ್ಲಿ ಬಂದ ಫೆಡೋರಾ 24ರಲ್ಲಿ, ಆರ್‌ಪಿಎಂನ ದುರ್ಬಲ ಅವಲಂಬನೆಗಳನ್ನೇ ಆಧರಿಸಿದ ಹೊಸ ವಿನ್ಯಾಸ ಬಂತು. ಪುಣೆಯ ಅಂತರರಾಷ್ಟ್ರೀಕರಣ ತಂಡದವರು ಈ ಬದಲಾವಣೆಯಲ್ಲಿ ಮುಂದಿದ್ದರು.

ದುರ್ಬಲ ಅವಲಂಬನೆ ಎಂದರೆ 'ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆದೀತು' ಎನ್ನುವ ಸಂಬಂಧ. ಅದು ಹಿಮ್ಮುಖವಾಗಿಯೂ ಕೆಲಸ ಮಾಡಬಲ್ಲದು. ಲಿಬ್ರೆಆಫೀಸಿನ ಕನ್ನಡ ಕಟ್ಟು ತನ್ನ ವಿವರದಲ್ಲೇ ಹೀಗೆ ಹೇಳಿಕೊಂಡಿರುತ್ತದೆ: ಈ ಯಂತ್ರದಲ್ಲಿ ಲಿಬ್ರೆಆಫೀಸೂ ಇದ್ದು, ಕನ್ನಡದ ಭಾಷಾ ಪ್ಯಾಕೇಜೂ ಇದ್ದರೆ, ನಾನೂ ಬರಬೇಕು. ಬಳಕೆದಾರ ಕನ್ನಡದ ಭಾಷಾ ಪ್ಯಾಕೇಜನ್ನು ಒಮ್ಮೆ ಹಾಕಿದರೆ ಸಾಕು. ನಾಳೆ ಲಿಬ್ರೆಆಫೀಸ್ ಹಾಕಿದಾಗ ಅದರ ಕನ್ನಡ ತಾನಾಗಿ ಬರುತ್ತದೆ. ಲಿಬ್ರೆಆಫೀಸ್ ಕಟ್ಟುವವರು ಜಗತ್ತಿನ ಭಾಷೆಗಳನ್ನೆಲ್ಲ ನೆನಪಿಡಬೇಕಾಗಿಲ್ಲ. ಮ್ಯಾನೇಜರಿಗೆ ಕನ್ನಡಕ್ಕಾಗಿ ವಿಶೇಷ ನಿಯಮವೂ ಬೇಕಿಲ್ಲ. ಸಾಮಾನ್ಯ ನಿಯಮವೊಂದನ್ನು ಚೆನ್ನಾಗಿ ರೂಪಿಸಿದ್ದರಿಂದ ಪ್ರತಿ ಭಾಷೆಗೂ ಸಮಾನ ಬಾಗಿಲು ತೆರೆಯಿತು.

ಇದೇ ನಗರದಲ್ಲಿ ಕೇಂದ್ರ ಕಚೇರಿ ಇರುವ ಸಿ-ಡ್ಯಾಕ್ 2007ರಲ್ಲಿ ಹೊರತಂದ ಬಾಸ್ ಕಾರ್ಯಾಚರಣ ವ್ಯವಸ್ಥೆಯನ್ನು ಅದರ ಚೆನ್ನೈ ಕೇಂದ್ರ ಅಭಿವೃದ್ಧಿಪಡಿಸಿತು. ಅದು ಹೊಸ ಪ್ಯಾಕೇಜ್ ಮ್ಯಾನೇಜರ್ ಕಟ್ಟಲು ಹೋಗದೆ ಡೆಬಿಯನ್‌ನ ವ್ಯವಸ್ಥೆಯನ್ನೇ ಆಧರಿಸಿತು. ಡೆಬಿಯನ್ ಭಂಡಾರದ ಅಪಾರ ಪ್ಯಾಕೇಜುಗಳು ಅದರಿಂದ ಸಿದ್ಧವಾಗಿ ಸಿಕ್ಕವು. ಹಳೆಯದನ್ನೇ ಮುಂದುವರಿಸುವುದೂ ವಿನ್ಯಾಸದ ಒಂದು ತೀರ್ಮಾನವೇ.

ಸಂಪರ್ಕದ ವೇಗ

ಇಂಟರ್ನೆಟ್ ನಿಧಾನವಾಗಿದ್ದ ಕಾಲದಲ್ಲಿ ಹಳೆಯ ಮತ್ತು ಹೊಸ ಆವೃತ್ತಿಗಳ ವ್ಯತ್ಯಾಸವನ್ನಷ್ಟೇ ಇಳಿಸಿಕೊಳ್ಳುವ ಡೆಲ್ಟಾ ಆರ್‌ಪಿಎಂಗಳು ಭಾರತದಂಥ ದೇಶಗಳ ಬಳಕೆದಾರರಿಗೆ ಉಪಕಾರಿಯಾಗಿದ್ದವು. ಫೆಡೋರಾ 11ರ ಕಾಲದಲ್ಲಿ, 2009ರಲ್ಲಿ, ಅವು ಬಳಕೆಗೆ ಬಂದವು. ವ್ಯತ್ಯಾಸದಿಂದ ಪೂರ್ಣ ಪ್ಯಾಕೇಜನ್ನು ಮರಳಿ ಕಟ್ಟಲು ಪ್ರೊಸೆಸರ್ ಬಹಳ ಹೊತ್ತು ದುಡಿಯಬೇಕು. ಸಂಪರ್ಕ ವೇಗವಾದಂತೆ ಆ ದುಡಿಮೆ ಲಾಭಕ್ಕಿಂತ ಹೆಚ್ಚಾಯಿತು. 2024ರ ಫೆಡೋರಾ 40ರಲ್ಲಿ ಅವುಗಳನ್ನು ಕೈಬಿಡಲಾಯಿತು.

ಮೌಲ್ಯಮಾಪನ

ಮೂರು ದಶಕಗಳ ಅನುಭವ ಹೊಸ ವಿನ್ಯಾಸಕಾರರಿಗೆ ಕೆಲವು ಸ್ಪಷ್ಟ ದಾರಿಗಳನ್ನು ತೋರಿಸಿದೆ: ಅವಲಂಬನೆಗಳನ್ನು ಅಂದಾಜಿನಿಂದ ಬಿಡಿಸದೆ ತರ್ಕದಿಂದ ಬಿಡಿಸುವುದು, ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್‌ಗಳನ್ನು ತಗ್ಗಿಸುವುದು, ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನು ಮೊದಲ ದಿನದಿಂದಲೇ ಇಡುವುದು, ಸೂಚಿಗೆ ಸಹಿಯೊಂದಿಗೆ ಕಾಲಮಿತಿಯನ್ನೂ ಕೊಡುವುದು, ಮ್ಯಾನೇಜರನ್ನು ಮೂಲ ವ್ಯವಸ್ಥೆಯಿಂದ ಬೇರೆಯಾಗಿ ಬೆಳೆಯಬಿಡುವುದು. ಇವುಗಳ ತಂತ್ರ ಇಂದು ತಿಳಿದಿದೆ, ಅದರ ಕೋಡೂ ಎಲ್ಲರ ಓದಿಗೆ ತೆರೆದಿದೆ.

ಉಳಿಯುವ ಕಷ್ಟ ಜನರದ್ದು. ಒಂದು ಪ್ಯಾಕೇಜ್ ಬದುಕಿರುವುದು ಅದನ್ನು ನೋಡಿಕೊಳ್ಳುವ ನಿರ್ವಾಹಕ ಇರುವವರೆಗೆ ಮಾತ್ರ. ಹೊಸ ಆವೃತ್ತಿ ಬಂದಾಗ ಕಟ್ಟುವುದು, ಭದ್ರತಾ ದೋಷ ಕಂಡಾಗ ತಿದ್ದುವುದು, ಬಳಕೆದಾರರ ದೂರಿಗೆ ಉತ್ತರಿಸುವುದು ಅವರ ಕೆಲಸ. ನಿರ್ವಾಹಕರು ಕೈಬಿಟ್ಟ ಪ್ಯಾಕೇಜನ್ನು ಡೆಬಿಯನ್ ಮತ್ತು ಫೆಡೋರಾಗಳು 'ಅನಾಥ' ಎಂದು ಗುರುತಿಸುತ್ತವೆ. ಯಾರೂ ಎತ್ತಿಕೊಳ್ಳದಿದ್ದರೆ ಅದು ಕೊನೆಗೆ ಭಂಡಾರದಿಂದ ಹೊರಬೀಳಬಹುದು. ಕನ್ನಡದ ಫಾಂಟ್, ಕೀಲಿಮಣೆ, ಪದಪಟ್ಟಿಗಳ ಪ್ಯಾಕೇಜುಗಳಿಗೂ ನಿಯಮ ಇದೇ. ನಿರ್ವಾಹಕರಾಗಲು ಪದವಿಯ ಹಂಗಿಲ್ಲ, ಕಂಪನಿಯ ಅಪ್ಪಣೆಯೂ ಬೇಕಿಲ್ಲ; ಮಾರ್ಗಸೂಚಿಗಳನ್ನು ಓದಿ ಒಂದು ಪ್ಯಾಕೇಜನ್ನು ಸರಿಯಾಗಿ ಕಟ್ಟಿ, ಹಿರಿಯ ನಿರ್ವಾಹಕರ ಪರಿಶೀಲನೆಗೆ ಒಪ್ಪಿಸಿದರೆ ಆ ಬಾಗಿಲು ತೆರೆಯುತ್ತದೆ. ಕನ್ನಡದ ಅನಾಥ ಪ್ಯಾಕೇಜೊಂದನ್ನು ಎತ್ತಿಕೊಳ್ಳುವ ಓದುಗರು ಈ ಭಾಷೆಗೆ ಮಾಡುವ ಸೇವೆ ಒಂದು ಪುಸ್ತಕ ಪ್ರಕಟಿಸಿದ್ದಕ್ಕೆ ಕಡಿಮೆಯಲ್ಲ.